ಕ್ರೋ ನಾಡಿನ ಮಿಡ್ಲ್ ಸ್ಕೂಲು, ಕ್ರೋ ನುಡಿ, ಕ್ರೋ ನಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುತ್ತೂರಿನ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಈಗ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಕ್ರೋ ಎಂಬ ಮೂಲನಿವಾಸಿ ಜನರ ಮೀಸಲು ನಾಡಿಗೆ ಹತ್ತಿರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಊರಿಗೆ ಬಂದಾಗ ನೆಂಟರು, ಫೋನಿನಲ್ಲಿ ಗೆಳತಿಯರು, ಇಲ್ಲಿನ ಕನ್ನಡ ಕೂಟದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ಕ್ರೋ ಅಲ್ಲ. ಮಕ್ಕಳಿಂದ, ಅವರ ಅಜ್ಜ ಅಜ್ಜಿಯರಿಂದ, ಜೊತೆಯಲ್ಲಿ ಕೆಲಸ ಮಾಡುವ ಭಾಷಾ ಶಿಕ್ಷಕಿಯಿಂದ ಕಲಿತಷ್ಟನ್ನೇ ಹೇಳುತ್ತೇನೆ.

## ಮೊದಲ ಪರಿಚಯ

ಕ್ರೋ ಅಂದ್ರೆ ಕಾಗೆ ಅಲ್ವಾ? ಒಂದು ಜನಕ್ಕೆ ಅಂಥ ಹೆಸರು ಯಾಕೆ?

ಅವರು ತಮ್ಮನ್ನು ಕರೆದುಕೊಳ್ಳುವುದು ಅಪ್ಸಾಲೋಕೆ ಎಂದು. ದೊಡ್ಡ ಕೊಕ್ಕಿನ ಹಕ್ಕಿಯ ಮಕ್ಕಳು ಎಂದು ಅದರ ಅರ್ಥ. ಬಯಲು ಸೀಮೆಯ ಬುಡಕಟ್ಟುಗಳು ಪರಸ್ಪರ ಬಳಸುತ್ತಿದ್ದ ಕೈಸನ್ನೆಯ ಭಾಷೆಯಲ್ಲಿ ಈ ಜನರನ್ನು ಸೂಚಿಸಲು ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಿದ್ದರು. ಫ್ರೆಂಚ್ ವ್ಯಾಪಾರಿಗಳು ಅದನ್ನು ಕಾಗೆ ಎಂದುಕೊಂಡರು, ಇಂಗ್ಲಿಷಿನವರು ಅದನ್ನೇ ಮುಂದುವರಿಸಿದರು. ಕಾಗದಪತ್ರಗಳಲ್ಲಿ ಇಂದಿಗೂ ಕ್ರೋ ಎಂದೇ ಇದೆ, ಜನರೂ ಆ ಹೆಸರನ್ನು ಸಹಜವಾಗಿ ಬಳಸುತ್ತಾರೆ. ಆದರೆ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ತನ್ನ ಪರಿಚಯ ಹೇಳುವಾಗ ಅಪ್ಸಾಲೋಕೆ ಎಂದೇ ಹೇಳುತ್ತಾಳೆ. ನೀವೂ ಆ ಹೆಸರನ್ನು ಬಾಯಿಗೆ ತಂದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಅವರ ನಾಡು ಎಲ್ಲಿದೆ? ಎಷ್ಟು ದೊಡ್ಡದು?

ಮೊಂಟಾನಾದ ದಕ್ಷಿಣದಲ್ಲಿ, ವಯೋಮಿಂಗ್ ಗಡಿಗೆ ತಾಗಿಕೊಂಡು. ಬಿಗ್ ಹಾರ್ನ್ ಮತ್ತು ಪ್ರಯರ್ ಬೆಟ್ಟಗಳು, ಬಿಗ್ ಹಾರ್ನ್ ಮತ್ತು ಲಿಟಲ್ ಬಿಗ್ ಹಾರ್ನ್ ಹೊಳೆಗಳು ಇದೇ ನಾಡಿನವು. ಆಡಳಿತದ ಊರು ಕ್ರೋ ಏಜೆನ್ಸಿ. ಲಾಜ್ ಗ್ರಾಸ್, ಪ್ರಯರ್, ವಯೋಲಾ, ಸೇಂಟ್ ಜೇವಿಯರ್ ಉಳಿದ ಊರುಗಳು. ವಿಸ್ತೀರ್ಣ ಸುಮಾರು 9,300 ಚದರ ಕಿಲೋಮೀಟರು, ಅಂದರೆ ಕೊಡಗು ಜಿಲ್ಲೆಯ ಎರಡು ಪಟ್ಟಿಗೂ ಹೆಚ್ಚು. ದೊಡ್ಡದೆನಿಸಬಹುದು. ಆದರೆ ಅಮೆರಿಕ ಸರ್ಕಾರದೊಂದಿಗಿನ 1851ರ ಒಪ್ಪಂದದಲ್ಲಿ ಅವರದೆಂದು ಒಪ್ಪಿದ್ದ ನೆಲ ಸುಮಾರು 3.8 ಕೋಟಿ ಎಕರೆ. 1868ರ ಒಪ್ಪಂದದಲ್ಲಿ ಅದು ಸುಮಾರು 80 ಲಕ್ಷಕ್ಕೆ ಇಳಿಯಿತು. ಈಗ ಉಳಿದಿರುವುದು 23 ಲಕ್ಷದ ಆಸುಪಾಸು. ಶೇಕಡಾವಾರು ಲೆಕ್ಕ ಕಲಿಸುವ ವಾರ ನಾನು ಈ ಮೂರು ಅಂಕಿಗಳನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ಆವತ್ತು ತರಗತಿಯಲ್ಲಿ ಗದ್ದಲ ಇರುವುದಿಲ್ಲ.

ಶಾಲೆ ಸರ್ಕಾರದ್ದಾ, ಕ್ರೋ ಜನರದ್ದಾ?

ನಮ್ಮದು ರಾಜ್ಯ ಸರ್ಕಾರದ ನಿಯಮಕ್ಕೆ ಒಳಪಟ್ಟ ಸಾರ್ವಜನಿಕ ಶಾಲೆ. ಮಿಡ್ಲ್ ಸ್ಕೂಲ್ ಅಂದರೆ ಆರರಿಂದ ಎಂಟನೇ ತರಗತಿ, ಹನ್ನೊಂದರಿಂದ ಹದಿನಾಲ್ಕು ವಯಸ್ಸಿನವರು. ಕ್ರೋ ಮಕ್ಕಳು, ಪಕ್ಕದ ಮೀಸಲು ನಾಡಿನ ನಾರ್ದರ್ನ್ ಶಯೆನ್ ಮಕ್ಕಳು, ಬಿಳಿಯ ರೈತರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬುಡಕಟ್ಟಿನದೇ ಆದ ಉನ್ನತ ಶಿಕ್ಷಣ ಸಂಸ್ಥೆ ಬೇರೆ ಇದೆ: 1980ರಲ್ಲಿ ಸ್ಥಾಪನೆಯಾದ ಲಿಟಲ್ ಬಿಗ್ ಹಾರ್ನ್ ಕಾಲೇಜು, ಕ್ರೋ ಏಜೆನ್ಸಿಯಲ್ಲಿ.

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಕ್ರೋ ಸಂಸ್ಕೃತಿ ಹೇಗೆ ಬಂತು ಎಂದರೆ, ಮೊಂಟಾನಾದ 1972ರ ಸಂವಿಧಾನವೇ ಮೂಲನಿವಾಸಿಗಳ ಪರಂಪರೆಯನ್ನು ಕಾಪಾಡುವ ಹೊಣೆಯನ್ನು ಶಿಕ್ಷಣದ ಮೇಲೆ ಹೊರಿಸಿದೆ. 1999ರ ‘ಇಂಡಿಯನ್ ಎಜುಕೇಶನ್ ಫಾರ್ ಆಲ್’ ಕಾಯ್ದೆ ಅದನ್ನು ಪಾಠದ ಕೊಠಡಿಗೆ ತಂದಿತು. ಮೂಲನಿವಾಸಿ ಮಕ್ಕಳಿಗಷ್ಟೇ ಅಲ್ಲ, ರಾಜ್ಯದ ಪ್ರತಿ ಮಗುವಿಗೂ ಇದನ್ನು ಕಲಿಸಬೇಕು ಎಂಬುದೇ ಅದರ ಹೆಚ್ಚುಗಾರಿಕೆ.

## ಭಾಷೆಯ ವಿಚಾರ

ನಮಗೆ ಆ ಭಾಷೆ ಕಲಿಯೋದು ಕಷ್ಟವಾ?

ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಮಗೆ ಕೆಲವು ಕಡೆ ಸಲೀಸು. ಕ್ರೋ ಭಾಷೆ ಸೂಯನ್ ಕುಟುಂಬದ್ದು. ಅದರ ಅತಿ ಹತ್ತಿರದ ಒಡಹುಟ್ಟು ಉತ್ತರ ಡಕೋಟದ ಹಿದಾತ್ಸಾ. ಕನ್ನಡಕ್ಕೆ ಅದು ಯಾವ ನೆಂಟಸ್ತಿಕೆಯಿಂದಲೂ ಸಂಬಂಧಿಯಲ್ಲ. ಆದರೂ ಅಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮಂತೆಯೇ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ತಪ್ಪುತ್ತದೆ, ಅದೂ ನಮ್ಮಂತೆಯೇ. ಪದದ ಮೊದಲಲ್ಲಿ ‘ಬ’ ಎಂದು ಕೇಳಿಸುವ ದನಿ ಎರಡು ಸ್ವರಗಳ ನಡುವೆ ‘ವ’ ಆಗುತ್ತದೆ, ಒತ್ತಿ ಬಂದರೆ ‘ಮ್ಮ’ ಆಗುತ್ತದೆ. ‘ದ’ ಕೂಡ ಹಾಗೆಯೇ ‘ಲ’ ಮತ್ತು ‘ನ್ನ’ ಆಗುತ್ತದೆ. ಹೈಸ್ಕೂಲಿನಲ್ಲಿ ಆದೇಶ ಸಂಧಿಯನ್ನು ಬಾಯಿಪಾಠ ಮಾಡಿದ್ದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಎಣಿಕೆ. ಹವಾತೆ, ದೂಪೆ, ದಾವೀ, ಶೋಪೆ, ಚಿಯಖ್ಖು, ಅಕಾವೆ, ಸಾಹ್ಪುವ, ದೂಪಹ್ಪೆ, ಹವತಾಹ್ಪೆ, ಪಿಲಕೆ. ಎಂಟು ಎಂಬ ದೂಪಹ್ಪೆಯೊಳಗೆ ಎರಡು ಇದೆ, ಒಂಬತ್ತು ಎಂಬ ಹವತಾಹ್ಪೆಯೊಳಗೆ ಒಂದು ಇದೆ. ಹತ್ತಕ್ಕೆ ಎರಡು ಕಡಿಮೆ, ಹತ್ತಕ್ಕೆ ಒಂದು ಕಡಿಮೆ. ನಮ್ಮ ಒಂಬತ್ತನ್ನು ಬಿಡಿಸಿ ನೋಡಿ, ಅಲ್ಲಿಯೂ ಹತ್ತರ ಪಕ್ಕ ಒಂದು ಕೂತಿದೆ. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದ ದಿನ ನನ್ನ ಮಕ್ಕಳು ಕನ್ನಡದ ಹತ್ತೂ ಅಂಕಿಗಳನ್ನು ಕಲಿಸದೆ ನನ್ನನ್ನು ಬಿಡಲಿಲ್ಲ.

ಒಂದೆರಡು ಮಾತು ಹೇಳಿಕೊಡಿ, ಅಲ್ಲಿಗೆ ಬಂದರೆ ಬೇಕಾಗುತ್ತದೆ.

ಎದುರಾದವರಿಗೆ ‘ಕಹೇ’. ಧನ್ಯವಾದಕ್ಕೆ ‘ಅಹೋ’. ಚೆನ್ನಾಗಿದೆ ಎನ್ನಲು ‘ಇಚ್ಚಿಕ್’. ಕೊನೆಯ ‘ಕ್’ ನಾನು ಹೇಳುತ್ತಿದ್ದೇನೆ, ಮಾತು ಮುಗಿಯಿತು ಎಂಬ ಗುರುತು. ನೀರು ‘ಬಿಲೆ’, ನಾಯಿ ‘ಬಿಷ್ಕೆ’, ಕುದುರೆ ‘ಈಚೀಲೆ’. ಈ ಕುದುರೆಯ ಪದಕ್ಕೊಂದು ಕಥೆಯಿದೆ. ಎಲ್ಕ್ ಎಂಬ, ನಮ್ಮ ಕಡವೆಗಿಂತಲೂ ದೊಡ್ಡದಾದ ಜಿಂಕೆಯ ಹೆಸರು ಮೊದಲು ಅದಾಗಿತ್ತು. ಹದಿನೆಂಟನೇ ಶತಮಾನದಲ್ಲಿ ಕುದುರೆ ಬಂದಾಗ ಆ ಹೆಸರನ್ನು ಕುದುರೆಗೆ ಬಿಟ್ಟುಕೊಟ್ಟು, ಎಲ್ಕನ್ನು ‘ಈಚೀಲಿಕಾಶೆ’, ಅಂದರೆ ನಿಜವಾದ ಈಚೀಲೆ ಎಂದರು.

ಕಲಿಸೋರು ಯಾರು? ಅವರಿಗೆ ಬಿ.ಎಡ್. ಇರುತ್ತಾ?

ಇರಲೇಬೇಕೆಂದಿಲ್ಲ. ಮೊಂಟಾನಾದಲ್ಲಿ ‘ಕ್ಲಾಸ್ 7’ ಎಂಬ ಶಿಕ್ಷಕ ಪರವಾನಗಿ ಇದೆ. ಭಾಷೆ, ಸಂಸ್ಕೃತಿ ಬಲ್ಲವರು ಯಾರು ಎಂಬುದನ್ನು ತೀರ್ಮಾನಿಸುವುದು ಆಯಾ ಬುಡಕಟ್ಟು. ಅವರು ಹೌದೆಂದರೆ ರಾಜ್ಯ ಪರವಾನಗಿ ಕೊಡುತ್ತದೆ. ಹಾಗಾಗಿ ಪದವಿ ಇಲ್ಲದ ಅಜ್ಜಿಯೂ ಪೂರ್ಣ ಗೌರವದೊಂದಿಗೆ ತರಗತಿಯ ಶಿಕ್ಷಕಿಯಾಗಬಹುದು. ನಮ್ಮಲ್ಲಿ ಕೊಡವ, ತುಳು, ಕೊರಗ ಭಾಷೆಗಳಿಗೂ ಇಂಥದೊಂದು ದಾರಿ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪುಸ್ತಕಗಳ ಬೆಂಬಲವೂ ಬೆಳೆದಿದೆ. ಕ್ರೋ ಲ್ಯಾಂಗ್ವೇಜ್ ಕನ್ಸಾರ್ಟಿಯಂ ಎಂಬ ಕೂಟ ಪಠ್ಯಪುಸ್ತಕಗಳನ್ನೂ ನಿಘಂಟನ್ನೂ ಹೊರತಂದಿದೆ. ಪ್ರಯರ್‌ನಲ್ಲಿ ಪಾದ್ರಿಯಾಗಿದ್ದ ರಾಂಡೊಲ್ಫ್ ಗ್ರಾಜಿಕ್ ಬರೆದ ಕ್ರೋ ವ್ಯಾಕರಣ 2007ರಲ್ಲಿ ಅಚ್ಚಾಯಿತು. ಕಿಟ್ಟೆಲರನ್ನು ಬಲ್ಲ ನಮಗೆ ಪಾದ್ರಿಯೊಬ್ಬರು ಊರಿನ ನುಡಿಯೊಳಗೆ ಮುಳುಗಿಹೋಗುವುದು ಹೊಸತಲ್ಲ.

ಹಿಂದೆ ಎಲ್ಲರೂ ಮಾತಾಡ್ತಿದ್ರಂತೆ. ಮತ್ತೆ ಕಳೆದುಹೋಗಿದ್ದು ಹೇಗೆ?

ಕಳೆದುಹೋಗಿಲ್ಲ; ಇಂದಿಗೂ ಕೆಲವು ಸಾವಿರ ಜನ ಮಾತಾಡುತ್ತಾರೆ. ಅಮೆರಿಕದ ಎಷ್ಟೋ ಮೂಲಭಾಷೆಗಳಿಗೆ ಹೋಲಿಸಿದರೆ ಇದು ಗಟ್ಟಿಮುಟ್ಟಾದ ನುಡಿ. ಭಯ ಇರುವುದು ವಯಸ್ಸಿನ ಲೆಕ್ಕದಲ್ಲಿ. 1960ರ ದಶಕದ ಕೊನೆಯವರೆಗೂ ಇಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಬಹುಪಾಲು ಮನೆಯಿಂದ ಕ್ರೋ ಮಾತನ್ನೇ ತರುತ್ತಿದ್ದರು. ಇಂದು ಹಾಗೆ ಬರುವ ಮಗು ಅಪರೂಪ.

ಕಾರಣಗಳಲ್ಲಿ ಮೊದಲನೆಯದು ಶಾಲೆಯೇ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ವಸತಿ ಶಾಲೆಯ ಮಾದರಿ ದೇಶದಾದ್ಯಂತ ಹರಡಿತು. ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸುವ ಮಾದರಿ ಅದು. ಹೊಡೆತ ತಿಂದವರು ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಮನೆಯಲ್ಲಿಯೂ ಇಂಗ್ಲಿಷ್ ಆಡಿದರು. ಆಮೇಲೆ ಟಿವಿ ಬಂತು, ಈಗ ಫೋನು. ಮೂಲನಿವಾಸಿ ಭಾಷೆಗಳಿಗೆ ಬದುಕುವ ಹಕ್ಕಿದೆ ಎಂದು ದೇಶದ ಕಾನೂನು ಒಪ್ಪಿದ್ದು 1990ರಲ್ಲಿ. ಕಸಿದುಕೊಂಡದ್ದು ಶಾಲೆಯಾದ್ದರಿಂದ ಹಿಂದಿರುಗಿಸುವ ಋಣವೂ ಶಾಲೆಯದೇ ಎಂದು ನಾನು ನಂಬಿದ್ದೇನೆ.

## ಶಾಲೆಯ ಸಂಭ್ರಮ

ಸಂಸ್ಕೃತಿ ವಾರದಲ್ಲಿ ಏನ್ ಮಾಡ್ತೀರಿ? ನಮ್ಮ ಛದ್ಮವೇಷ ಸ್ಪರ್ಧೆ ತರಾನಾ?

ಅಲ್ಲ. ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸಬೇಕು, ಏಕೆಂದರೆ ಮೊದಲ ವರ್ಷ ನಾನೇ ಆ ತಪ್ಪು ಮಾಡಿದೆ. ಎಂಟನೇ ತರಗತಿಯ ಹುಡುಗನೊಬ್ಬನಿಗೆ ‘ನಿನ್ನ ವೇಷ ಬಹಳ ಚೆನ್ನಾಗಿದೆ’ ಎಂದೆ. ಅವನು ಮೆತ್ತಗೆ, ‘ಇದು ವೇಷ ಅಲ್ಲ ಟೀಚರ್, ನಮ್ಮ ಅಜ್ಜಿ ಮಣಿ ಹೊಲಿದು ಕೊಟ್ಟದ್ದು’ ಎಂದ.

ಹುಡುಗಿಯರ ಎಲ್ಕ್ ಹಲ್ಲಿನ ಅಂಗಿಯನ್ನೇ ನೋಡಿ. ಒಂದು ಎಲ್ಕ್‌ಗೆ ದಂತದಂಥ ಹಲ್ಲು ಇರುವುದು ಎರಡೇ. ಮುನ್ನೂರು ಹಲ್ಲು ಹೊಲಿದ ಅಂಗಿ ಎಂದರೆ ನೂರೈವತ್ತು ಎಲ್ಕ್, ಅಷ್ಟೂ ಬೇಟೆಯಾಡಿದ ಮನೆತನದ ಗಂಡಸರು, ಕೂಡಿಟ್ಟ ಹೆಂಗಸರು. ಈಗ ಕೃತಕ ಹಲ್ಲುಗಳೇ ಹೆಚ್ಚು, ಆದರೂ ಅಂಗಿ ತೊಟ್ಟವಳ ನಿಲುವೇ ಬದಲಾಗುತ್ತದೆ. ಹದ್ದಿನ ಗರಿಯಂತೂ ಗೌರವದಿಂದ ಬಂದದ್ದು. ಕುಣಿಯುವಾಗ ಅದು ನೆಲಕ್ಕೆ ಬಿದ್ದರೆ ಕುಣಿತ ನಿಲ್ಲುತ್ತದೆ, ಅದನ್ನು ಎತ್ತಲು ಬಲ್ಲವರೇ ಬರಬೇಕು. ಆಗ ಫೋಟೋ ತೆಗೆಯಬಾರದು.

ಆ ವಾರ ಡೋಲಿನ ಸುತ್ತ ಹಾಡುಗಾರರು ಕೂರುತ್ತಾರೆ, ಹಿರಿಯರೊಬ್ಬರು ಕ್ರೋ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ, ಮಕ್ಕಳು ತಮ್ಮ ಹೆಸರು, ತಾಯಿಯ ಬಳಿ (ಅಂದರೆ ಕುಲ), ತಂದೆಯ ಬಳಿ ಹೇಳಿ ಪರಿಚಯಿಸಿಕೊಳ್ಳುತ್ತಾರೆ. ಮೊಂಟಾನಾದಲ್ಲಿ ಸೆಪ್ಟೆಂಬರ್‌ನ ನಾಲ್ಕನೆಯ ಶುಕ್ರವಾರ ಮೂಲನಿವಾಸಿ ಪರಂಪರೆಯ ದಿನ. ನವೆಂಬರ್ ದೇಶಕ್ಕೆಲ್ಲ ಪರಂಪರೆಯ ತಿಂಗಳು. ಎಲ್ಲಕ್ಕಿಂತ ದೊಡ್ಡದು ಶಾಲೆಯ ಹೊರಗಿನ ಕ್ರೋ ಫೇರ್. 1904ರಲ್ಲಿ ಸರ್ಕಾರಿ ಏಜೆಂಟನೊಬ್ಬ ಬೇಸಾಯದ ಮೇಳವಾಗಿ ಶುರುಮಾಡಿಸಿದ್ದನ್ನು ಜನ ತಮ್ಮದಾಗಿಸಿಕೊಂಡರು. ಆಗಸ್ಟ್ ಮೂರನೇ ವಾರ ಲಿಟಲ್ ಬಿಗ್ ಹಾರ್ನ್ ಹೊಳೆಯ ದಡದಲ್ಲಿ ಸಾವಿರಕ್ಕೂ ಮಿಕ್ಕಿ ಟೀಪಿ ಗುಡಾರಗಳು ಏಳುತ್ತವೆ. ಬೆಳಿಗ್ಗೆ ಕುದುರೆ ಸವಾರರ ಮೆರವಣಿಗೆ. ಸೈಕಲ್ ಹೊಡೆಯುವ ವಯಸ್ಸಿನ ನನ್ನ ವಿದ್ಯಾರ್ಥಿನಿಯರು ಜೀನಿನ ಮೇಲೆ ನೆಟ್ಟಗೆ ಕೂತು ಬರುವುದನ್ನು ನೋಡಬೇಕು.

ಹ್ಯಾಂಡ್ ಗೇಮ್ ಅಂದ್ರೆ ಏನು? ಮಕ್ಕಳೆಲ್ಲ ಅದನ್ನೇ ಹೇಳ್ತಾರೆ.

ಎರಡು ತಂಡಗಳು ಎದುರುಬದುರು ಕೂರುತ್ತವೆ. ಒಂದು ತಂಡದವರು ಮೂಳೆ ಅಥವಾ ಎಲ್ಕ್ ಹಲ್ಲನ್ನು ಮುಷ್ಟಿಯಲ್ಲಿ ಅಡಗಿಸಿ, ಹಾಡಿಗೆ ತಕ್ಕಂತೆ ಕೈ ಆಡಿಸುತ್ತಾರೆ. ಎದುರಿನವರು ಯಾವ ಕೈಯಲ್ಲಿದೆ ಎಂದು ಊಹಿಸಬೇಕು. ಲೆಕ್ಕಕ್ಕೆ ಕಡ್ಡಿಗಳು. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಮಕ್ಕಳು ಮಾತ್ರ, ಇದು ಅರ್ಧಕ್ಕರ್ಧ ಅಲ್ಲ ಟೀಚರ್, ಮುಖ ಓದಬೇಕು ಎನ್ನುತ್ತಾರೆ.

ಶಾಲೆಯ ಕುಟುಂಬ ಸಂಜೆಗೆ ನಮ್ಮನ್ನೂ ಕರೆದಿದ್ದಾರೆ. ಏನು ತಗೊಂಡು ಹೋಗ್ಲಿ?

ಹಣ್ಣು, ಏನಾದರೂ ತಿಂಡಿ ಸಾಕು. ಊಟಕ್ಕೆ ಮೊದಲು ಪ್ರಾರ್ಥನೆ, ಹಿರಿಯರಿಗೆ ಮೊದಲ ತಟ್ಟೆ. ಮಕ್ಕಳೇ ಬಡಿಸುತ್ತಾರೆ, ನೀವು ಎದ್ದು ಸಾಲಿಗೆ ನುಗ್ಗಬೇಡಿ. ಫ್ರೈ ಬ್ರೆಡ್ ಇರುತ್ತದೆ, ನಮ್ಮ ದಪ್ಪ ಪೂರಿಯ ಹಾಗೆ. ಬೇಟೆ ನಿಂತು ಸರ್ಕಾರದ ರೇಷನ್ನಿನ ಮೈದಾ, ಕೊಬ್ಬು ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಹುಟ್ಟಿದ ತಿಂಡಿ ಅದು. ಕಾಡುಹಣ್ಣಿನ ಬೆರ್ರಿ ಪುಡ್ಡಿಂಗನ್ನು ಬಿಡಬೇಡಿ. ಗೌರವದ ಹಾಡು ಶುರುವಾದರೆ ಎದ್ದು ನಿಲ್ಲಿ, ಟೋಪಿ ತೆಗೆಯಿರಿ.

ಕೊಯೋಟಿ ಅಜ್ಜನ ಕಥೆ ನಮ್ಮ ಮಕ್ಕಳಿಗೆ ಹೇಳಿ ಅಂದ್ರೆ ಬೇಸಿಗೆಯಲ್ಲಿ ಹೇಳಲ್ಲ ಅಂದ್ರಲ್ಲ, ಯಾಕೆ?

ಕೊಯೋಟಿ ಅಂದರೆ ನಮ್ಮ ನರಿ, ತೋಳಗಳ ಜಾತಿಯ ಪ್ರಾಣಿ. ಅದರ ಕಥೆಗಳಿಗೆ ಚಳಿಗಾಲವೇ ಕಾಲ. ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳಬೇಕು. ಅದಕ್ಕಾಗಿ ನಮ್ಮ ಭಾಷಾ ಶಿಕ್ಷಕಿ ವರ್ಷದ ಪಾಠಪಟ್ಟಿಯಲ್ಲಿ ಕಥೆಗಳನ್ನು ಡಿಸೆಂಬರ್, ಜನವರಿಗೆ ಇಟ್ಟಿದ್ದಾರೆ. ಜೂನ್‌ನಲ್ಲಿ ಕೇಳಿದರೆ ನಾನೂ ಹೇಳಲಾರೆ.

## ಒಳಗಿನ ಸಂಗತಿಗಳು

ಬಳಿ ಅಂತೀರಲ್ಲ, ನಮ್ಮ ಕಡೆಯ ಬರಿ, ಬೆಡಗು ಇದ್ದ ಹಾಗೇನಾ?

ತುಳುನಾಡಿನವರಿಗೆ ಕೂಡಲೇ ತಿಳಿಯುತ್ತದೆ: ಬಳಿ ತಾಯಿಯಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆ ಇಲ್ಲ. ಅವರ ಪದ ‘ಅಶಮ್ಮಲೆಯಾಖಿಯ’. ಹೊಳೆಯಲ್ಲಿ ತೇಲಿಬಂದ ಕಟ್ಟಿಗೆಗಳು ತಿರುವಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವಲ್ಲ, ಹಾಗೆ ಎಂದು ಅರ್ಥ. ಸಿಳ್ಳೆ ಹಾಕುವ ನೀರು, ಜಿಡ್ಡು ಬಾಯಿ, ದೊಡ್ಡ ಗುಡಾರ ಎಂಬಂಥ ಹೆಸರಿನ ಬಳಿಗಳಿವೆ. ತಾಯಿಯ ಅಕ್ಕತಂಗಿಯರೂ ತಾಯಿಯರೇ; ದೊಡ್ಡಮ್ಮ ಚಿಕ್ಕಮ್ಮ ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿಯ ಸಹೋದ್ಯೋಗಿಯೊಬ್ಬರು, ‘ಈ ಹುಡುಗನಿಗೆ ಎಷ್ಟು ಜನ ಅಮ್ಮಂದಿರು?’ ಎಂದು ಬೆರಗಾಗಿ ಕೇಳಿದಾಗ ನನಗೆ ನನ್ನ ಅಜ್ಜಿಮನೆ ನೆನಪಾಯಿತು.

ಭಾಷೆ ಕಲಿಸುವಾಗ ಬಣ್ಣ, ಹಣ್ಣು, ಪ್ರಾಣಿಗಳ ಪಟ್ಟಿಗಿಂತ ಮೊದಲು ಈ ಸಂಬಂಧಗಳ ಹೆಸರು ಕಲಿಸಬೇಕು ಎಂಬುದು ನಮ್ಮ ಭಾಷಾ ಶಿಕ್ಷಕಿಯ ಹಟ. ಕೆಂಪು ಎಂಬ ಪದ ಕಲಿತ ಮಗು ಅದನ್ನು ತರಗತಿಯಲ್ಲೇ ಬಿಟ್ಟುಹೋಗುತ್ತದೆ. ಯಾರನ್ನು ಏನೆಂದು ಕರೆಯಬೇಕೆಂದು ಕಲಿತ ಮಗುವಿಗೆ ಸಂಜೆ ಅಂಗಡಿಯಲ್ಲಿ ಅದೇ ಮನುಷ್ಯರು ಎದುರಾಗುತ್ತಾರೆ. ಐದು ವರ್ಷ ನೋಡಿದ ಮೇಲೆ ನನಗೂ ಇದು ಪೂರ್ತಿ ಸರಿ ಅನ್ನಿಸಿದೆ.

ಮಕ್ಕಳು ಒಬ್ಬರನ್ನೊಬ್ಬರು ಬಹಳ ಆಡಿಕೊಳ್ತಾರಂತೆ. ಅದು ಕೀಟಲೆಯಾ, ಕಾಟವಾ?

ಇಬ್ಬರ ತಂದೆಯರೂ ಒಂದೇ ಬಳಿಯವರಾದರೆ ಅವರು ಪರಸ್ಪರ ಹಾಸ್ಯದ ನೆಂಟರು. ಒಬ್ಬನ ತಪ್ಪನ್ನು ಇನ್ನೊಬ್ಬ ಎಲ್ಲರೆದುರು ಎತ್ತಿ ಆಡಬಹುದು, ಆಡಿಸಿಕೊಂಡವನು ಸಿಟ್ಟಾಗಬಾರದು. ಅದು ತಿದ್ದುವ ಬಗೆ. ನಮ್ಮ ಭಾವ ಮೈದುನರ ಚುಡಾಯಿಸುವಿಕೆ ನೆನಪಾಗುತ್ತದೆ, ಆದರೆ ಇಲ್ಲಿ ಅದಕ್ಕೆ ಹೊಣೆಯೂ ಇದೆ. ಹೊಸ ಶಿಕ್ಷಕರು ಇದನ್ನು ನೋಡಿ ಪ್ರಿನ್ಸಿಪಾಲರ ಬಳಿಗೆ ಕಳಿಸಿಬಿಡುತ್ತಾರೆ. ನಿಜವಾದ ಕಾಟವೂ ಇರುತ್ತದೆ, ಹದಿಮೂರರ ವಯಸ್ಸಲ್ಲವೇ. ನೆಂಟಸ್ತಿಕೆ ಬಲ್ಲವರನ್ನು ಕೇಳಿ ತೀರ್ಮಾನಿಸುವುದೇ ದಾರಿ.

ಬಹುಮಾನ ಗೆದ್ದ ಮಗುವಿನ ಮನೆಯವರೇ ಉಡುಗೊರೆ ಹಂಚಿದರಂತೆ! ತಲೆಕೆಳಗಾಗಲಿಲ್ವಾ?

ತಂದೆಯ ಬಳಿಯವರು ಮಗುವಿಗೆ ವಿಶೇಷ. ಅವರು ಅದಕ್ಕಾಗಿ ಪ್ರಾರ್ಥಿಸುತ್ತಾರೆ, ಸಭೆಯಲ್ಲಿ ಹೊಗಳುತ್ತಾರೆ, ಹೆಸರಿಡುತ್ತಾರೆ. ಮಗು ಬಾಸ್ಕೆಟ್‌ಬಾಲ್‌ನಲ್ಲಿ ಗೆದ್ದರೆ, ಓದಿನಲ್ಲಿ ಮುಂದೆ ಬಂದರೆ, ಆ ಹರಕೆ ಫಲಿಸಿತು ಎಂದು ಲೆಕ್ಕ. ಆದ್ದರಿಂದ ಮಗುವಿನ ತಾಯಿ, ಅಜ್ಜಿ ಅವರಿಗೆ ಕಂಬಳಿ, ಬಟ್ಟೆ, ಹಣ ಕೊಟ್ಟು ಗೌರವಿಸುತ್ತಾರೆ. ಪೆಂಡಲ್ಟನ್ ಕಂಬಳಿಗಳಿಗೆ ಇಲ್ಲಿ ನಮ್ಮ ಮದುವೆ ಮನೆಯ ರೇಷ್ಮೆ ಸೀರೆಯ ಸ್ಥಾನ.

ಕ್ರೋಗಳು ಕಸ್ಟರ್ ಪರವಾಗಿ ಹೋದವರಲ್ಲವೇ? ಆ ಪಾಠವನ್ನು ಶಯೆನ್ ಮಕ್ಕಳ ಮುಂದೆ ಹೇಗೆ ಮಾಡುತ್ತೀರಿ?

1876ರ ಜೂನ್‌ನಲ್ಲಿ ಲಿಟಲ್ ಬಿಗ್ ಹಾರ್ನ್ ಕಾಳಗದಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಸ್ಟರನ ದಳಕ್ಕೆ ಆರು ಕ್ರೋ ಬೇಹಿನವರು ದಾರಿ ತೋರಿದ್ದು ನಿಜ. ಎದುರಿದ್ದವರು ಲಕೋಟ, ಶಯೆನ್, ಅರಾಪಹೋ. ಆದರೆ ಆ ಕಾಳಗ ನಡೆದ ನೆಲ 1868ರ ಒಪ್ಪಂದದಂತೆ ಕ್ರೋಗಳದ್ದು; ಸಂಖ್ಯೆಯಲ್ಲಿ ಬಹಳ ದೊಡ್ಡವರಾದ ಲಕೋಟರು ಅದರೊಳಗೆ ಒತ್ತಿ ಬರುತ್ತಿದ್ದರು. ಉಳಿಯಲು ಅಂದಿನ ನಾಯಕರು ಆರಿಸಿದ ದಾರಿ ಅದು. ಲಕೋಟ, ಶಯೆನ್‌ರಿಗೂ ಅದು ಉಳಿವಿನ ಹೋರಾಟವೇ. ನಮ್ಮ ಸಮಾಜ ವಿಜ್ಞಾನದ ಶಿಕ್ಷಕರು ಎರಡೂ ಕಡೆಯ ಅಜ್ಜಂದಿರನ್ನು ಒಂದೇ ದಿನ ಕರೆಸುತ್ತಾರೆ. ಯುದ್ಧಭೂಮಿಯ ಹೆಸರಿನಿಂದ ಕಸ್ಟರನನ್ನು ತೆಗೆದದ್ದು 1991ರಲ್ಲಿ, ಮೂಲನಿವಾಸಿಗಳ ಸ್ಮಾರಕ ನಿಂತದ್ದು 2003ರಲ್ಲಿ.

ಮಕ್ಕಳು ಹೆಮ್ಮೆಯಿಂದ ಹೇಳುವ ಇನ್ನೊಂದು ಹೆಸರು ಜೋ ಮೆಡಿಸಿನ್ ಕ್ರೋ. ಆ ಬೇಹಿನವರಲ್ಲಿ ಒಬ್ಬರ ಮಲಮೊಮ್ಮಗ, ಕ್ರೋ ಜನರಲ್ಲಿ ಮೊದಲು ಸ್ನಾತಕೋತ್ತರ ಪದವಿ ಪಡೆದವರು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕುದುರೆಗಳನ್ನು ಹಾರಿಸಿಕೊಂಡು ಬಂದು ಯುದ್ಧ ನಾಯಕನ ಪಟ್ಟಕ್ಕೆ ಬೇಕಾದ ಸಾಹಸಗಳನ್ನು ಪೂರೈಸಿದವರು. 2016ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಕ್ರೋ ಧಾರ್ಮಿಕ ಆಚರಣೆಗಳನ್ನೂ ಶಾಲೆಯಲ್ಲಿ ಕಲಿಸ್ತೀರಾ?

ಇಲ್ಲ. ಬೆವರು ಗುಡಾರ, ಸೂರ್ಯನೃತ್ಯ, ತಂಬಾಕು ಸಮಾಜ ಇವು ಮನೆಗೂ ಹಿರಿಯರಿಗೂ ಸೇರಿದ್ದು. ಯಾವುದನ್ನು ತರಗತಿಗೆ ತರಬಹುದು, ಯಾವುದನ್ನು ತರಬಾರದು ಎಂದು ಹೇಳುವವರೂ ಅವರೇ.

ನಮ್ಮ ಭಾನುವಾರದ ಕನ್ನಡ ಶಾಲೆಗೆ ಇದರಿಂದ ಏನಾದರೂ ಕಲಿಯೋದಿದೆಯಾ?

ನನ್ನ ಒಂದೇ ಸಲಹೆ: ವರ್ಣಮಾಲೆಯ ಮೊದಲ ಪುಟಕ್ಕಿಂತ ಮುಂಚೆ ಅಜ್ಜಿಗೆ ಫೋನು ಮಾಡಿಸಿ. ‘ಅಜ್ಜಿ, ಊಟ ಆಯ್ತಾ?’ ಎನ್ನುವ ಮಗುವಿಗೆ ಆ ಕಡೆಯಿಂದ ಉತ್ತರ ಬರುತ್ತದೆ. ನಮ್ಮ ಹಿಂದೆ ಕೋಟ್ಯಂತರ ಮಾತುಗಾರರ ನಾಡಿದೆ. ಕ್ರೋ ಮಕ್ಕಳ ಹಿಂದೆ ಇರುವುದು ಇದೊಂದೇ ಕಣಿವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೊರಗಿನವರಿಗೂ ಕ್ರೋ ಹೆಸರು ಕೊಡ್ತಾರಂತೆ. ನಿಮಗೆ ಕೊಟ್ಟಿದ್ದಾರಾ?

ಕೊಡುವುದುಂಟು. 2008ರ ಮೇನಲ್ಲಿ, ಚುನಾವಣಾ ಪ್ರಚಾರಕ್ಕೆ ಕ್ರೋ ಏಜೆನ್ಸಿಗೆ ಬಂದಿದ್ದ ಬರಾಕ್ ಒಬಾಮರನ್ನು ಒಂದು ಕ್ರೋ ದಂಪತಿ ಮಗನಾಗಿ ಸ್ವೀಕರಿಸಿ, ನಾಡಿನಾದ್ಯಂತ ಜನರಿಗೆ ನೆರವಾಗುವವನು ಎಂಬ ಅರ್ಥದ ಹೆಸರಿಟ್ಟರು. ನನಗೆ ಕೊಟ್ಟಿಲ್ಲ. ಅದು ಕೇಳಿ ಪಡೆಯುವಂಥದ್ದಲ್ಲ. ಕೊಡುವವರು ಪ್ರಾರ್ಥಿಸಿ, ತಮ್ಮ ಬದುಕಿನ ಒಂದು ಒಳಿತನ್ನು ಅದರಲ್ಲಿ ಸೇರಿಸಿ ಕೊಡುತ್ತಾರೆ. ಮಕ್ಕಳ ಕ್ರೋ ಹೆಸರನ್ನೂ ನಾನು ಹಾಜರಿ ಪುಸ್ತಕದಿಂದ ಓದುವುದಿಲ್ಲ. ಮಗು ತಾನಾಗಿ ಬಂದು ಹೇಳಿ, ಹಾಗೆ ಕರೆಯಿರಿ ಎಂದರೆ, ಸರಿಯಾಗಿ ಉಚ್ಚರಿಸಲು ಬರುವವರೆಗೂ ಅದೇ ಮಗುವಿನ ಮುಂದೆ ಅಭ್ಯಾಸ ಮಾಡಿ, ಆಮೇಲೆ ಕರೆಯುತ್ತೇನೆ. ಈ ವರ್ಷ ಹನ್ನೊಂದು ಮಕ್ಕಳು ಬಂದು ಹೇಳಿದ್ದಾರೆ. ಎರಡು ಹೆಸರುಗಳಲ್ಲಿ ನನ್ನ ದೀರ್ಘ ಇನ್ನೂ ತಪ್ಪುತ್ತಿದೆ.